ಎರಡು ಸೌಟು ಗಂಜಿ

ಜೊವೆನ್ ಸತ್ತ ಒಂಬತ್ತನೇ ದಿನ ಅವನ ತಾಯಿಯ ಮನೆಯಲ್ಲಿ ಎಪ್ಪತ್ತು ಜನರಿಗೆ ಅಡುಗೆಯಾಗಿತ್ತು. ಅವನ ಮಗಳ ಮುಂದೆ ಇದ್ದದ್ದು ಮಾತ್ರ ಒಂದು ಬಟ್ಟಲು ಗಂಜಿ.

ನಾನು ಅದನ್ನು ನೋಡದೇ ಇರಬಹುದಿತ್ತು. ಆದರೆ ಬೇರೆಯವರ ತಟ್ಟೆಯೊಳಗೆ ಏನಿದೆ ಎಂದು ಬಗ್ಗಿ ನೋಡಿ ಬರೆದುಕೊಳ್ಳುವುದಕ್ಕೇ ನನಗೆ ಮೂವತ್ತೆಂಟು ವರ್ಷ ಸಂಬಳ ಕೊಟ್ಟಿದ್ದರು. ಕೆಲಸಕ್ಕೆ ನಿವೃತ್ತಿ ಬಂತು, ಕಣ್ಣಿಗೆ ಬರಲಿಲ್ಲ. ಅಂಗಳದಲ್ಲಿ ಬಾಳೆಲೆ ಹಾಸಿದ ಉದ್ದನೆಯ ಮೇಜು. ಅದರ ಮೇಲೆ ಹುರಿದ ಹಂದಿ, ವಿನೆಗರ್ ಹಾಕಿ ಬೇಯಿಸಿದ ಕೋಳಿ, ತೆಂಗಿನಹಾಲಿನ ಅಂಟಕ್ಕಿ ಸಿಹಿ, ಬೇಯಿಸಿ ಕತ್ತರಿಸಿದ ನೇರಳೆ ಬಣ್ಣದ ಉಬಿ ಗೆಣಸು. ಪ್ರಾರ್ಥನೆ ಮುಗಿಸಿದ ಹೆಂಗಸರು ಕಣ್ಣೊರೆಸಿಕೊಂಡ ಕೈಯಲ್ಲೇ ತಟ್ಟೆ ಹಿಡಿದಿದ್ದರು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಜೊವೆನ್‌ನ ಮಗಳು ಕ್ರಿಜೆಲ್ ಬಟ್ಟಲನ್ನು ತನ್ನ ಹೊಟ್ಟೆಯ ಮೇಲೇ ಇಟ್ಟುಕೊಂಡು ಕೂತಿದ್ದಳು. ಹೊಟ್ಟೆ ಮೇಜಾಗುವಷ್ಟು ದೊಡ್ಡದಿರಲಿಲ್ಲ, ಬಟ್ಟಲು ಜಾರುತ್ತಿತ್ತು.

“ಏನೇ ಇದು, ಜ್ವರದವರ ಊಟ?” ಎಂದೆ.

“ಜ್ವರ ಏನಿಲ್ಲ ತಿಯಾ ಲುದಿ. ಏಳು ತಿಂಗಳು ತುಂಬ್ತಲ್ಲ. ಇನ್ಮೇಲೆ ಬೆಳಿಗ್ಗೆ ಎರಡು ಸೌಟು, ಸಂಜೆ ಎರಡು ಸೌಟು. ಲೋಲಾ ಹೇಳಿದಾರೆ.”

ಲೋಲಾ ಎಂದರೆ ನಮ್ಮಲ್ಲಿ ಅಜ್ಜಿ, ತಿಯಾ ಎಂದರೆ ಚಿಕ್ಕಮ್ಮ. ಅವಳ ಲೋಲಾ ದುಲಾ, ಸತ್ತವನ ತಾಯಿ.

“ಆರೋಗ್ಯ ಕೇಂದ್ರದ ನರ್ಸ್ ಏನಂದ್ಲು?”

“ಚೆನ್ನಾಗಿ ತಿನ್ನಬೇಕು ಅಂದ್ರು. ಅದಕ್ಕೆ ಲೋಲಾ, ‘ಅವಳಿಗೇನು ಗೊತ್ತು, ಮದುವೇನೇ ಆಗಿಲ್ಲ, ಬಸುರಿ ಹೊಟ್ಟೇನ ಗೋಡೆ ಮೇಲಿನ ಚಿತ್ರದಲ್ಲಿ ನೋಡಿರೋಳು’ ಅಂದ್ರು.” ಕ್ರಿಜೆಲ್ ನಕ್ಕಳು. ಅಷ್ಟರಲ್ಲಿ ಯಾರೋ ಹಂದಿಯ ಗರಿಗರಿ ಚರ್ಮ ಮುರಿದ ಸದ್ದಾಯಿತು. ಅವಳ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. “ಮಗು ದಪ್ಪ ಆದ್ರೆ ಸಿಕ್ಕಿಹಾಕ್ಕೊಳ್ಳುತ್ತಂತೆ ತಿಯಾ. ಲೋಲಾಗೆ ಮೊದಲನೇದು ಹಾಗೇ ಹೋಯ್ತಲ್ಲ.”

ಎರಡು ಸೌಟು. ಈ ಅಳತೆ ನನಗೆ ಗೊತ್ತಿತ್ತು. ನನ್ನದೇ ಕೈಬರಹದಲ್ಲಿ ಗೊತ್ತಿತ್ತು. ನಲವತ್ತು ವರ್ಷದ ಹಿಂದೆ ಇದೇ ಮನೆಯಲ್ಲಿ ಕೂತು ಅದನ್ನು ಬರೆದುಕೊಂಡಿದ್ದೆ, ಆಗ ಹೊಟ್ಟೆಯಲ್ಲಿದ್ದವನು ಜೊವೆನ್. ಈಗ ಬಾಯಿ ಬಿಟ್ಟರೆ ಈ ಹುಡುಗಿಯ ಮಗುವಿಗೆ ಒಂದು ತಟ್ಟೆ ಅನ್ನ ಸಿಗುತ್ತದೆ. ಆದರೆ ಯಾಕೆ ಎಂದು ದುಲಾ ಕೇಳುತ್ತಾಳೆ. ಯಾಕೆ ಎನ್ನುವುದಕ್ಕೆ ಉತ್ತರ ಹೂಮಾಲೆ ಹಾಕಿದ ಜೊವೆನ್‌ನ ಫೋಟೋದಲ್ಲಿತ್ತು. ಮಗನನ್ನು ಮಣ್ಣಿಗಿಟ್ಟು ಒಂಬತ್ತು ದಿನವೂ ಆಗದ ತಾಯಿಗೆ ಅದನ್ನು ಬೆರಳು ಮಾಡಿ ತೋರಿಸುವವರು ಯಾರು?

*

ಕಾಲೇಜಿನಲ್ಲಿ ನಾನು ಓದಿದ್ದು ಜೀವಶಾಸ್ತ್ರ, ಮೊದಲ ದರ್ಜೆ ಬಂದದ್ದು ಮೇಷ್ಟ್ರುಗಳನ್ನು ಅಣಕಿಸುವುದರಲ್ಲಿ. ಡಿಗ್ರಿ ಮುಗಿಯುವ ಹೊತ್ತಿಗೆ ನಮ್ಮ ಬೊಹೋಲ್ ದ್ವೀಪದಲ್ಲಿ ಒಂದು ಅಧ್ಯಯನ ಶುರುವಾಯಿತು: ಗರ್ಭಿಣಿಯರನ್ನು ಹುಡುಕಿ ಹೆಸರು ಬರೆದುಕೊಳ್ಳುವುದು, ಅವರು ತಿಂದದ್ದನ್ನು ಬರೆದುಕೊಳ್ಳುವುದು, ಹುಟ್ಟಿದ ಮಗುವನ್ನು ತೂಗುವುದು, ಆಮೇಲೆ ಆ ಮಗುವಿನ ತಲೆಗೂದಲು ಬೆಳ್ಳಗಾಗುವ ತನಕ ಬೆನ್ನು ಬಿಡದೆ ಅಳೆಯುವುದು. ಹೆಗಲಿಗೆ ಸ್ಪ್ರಿಂಗ್ ತಕ್ಕಡಿ, ಅದಕ್ಕೆ ನೇತುಹಾಕಲು ಕಾಲು ತೂರಿಸುವ ಎರಡು ತೂತಿನ ಬಟ್ಟೆಚೀಲ ತಗುಲಿಸಿಕೊಂಡು ನಾನು ತಲಿಸಾಯ್ ಕೇರಿಗೆ ಹೋದರೆ, “ಮಿಸ್ ಕಿಲೋ ಬಂದ್ಲು, ಮಕ್ಕಳನ್ನ ಬಚ್ಚಿಡ್ರೋ, ಮೀನಿನ ಹಾಗೆ ನೇತುಹಾಕ್ತಾಳೆ!” ಎಂದು ಹೆಂಗಸರು ಕೂಗುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ನನ್ನ ಕೆಲಸ ತೂಕ, ನನ್ನ ಗಂಡನ ಕೆಲಸ ತೂಕಡಿಕೆ ಎನ್ನುತ್ತಿದ್ದೆ.

ಕೆಲಸಕ್ಕೆ ಇದ್ದದ್ದು ಒಂದೇ ನಿಯಮ. ನಮ್ಮ ಮೇಲಧಿಕಾರಿ ಮೇಡಂ ವಿಲಾಮೊರ್ ಅದನ್ನು ಮೂಗಿನಲ್ಲೇ ಹೇಳುತ್ತಿದ್ದರು. ಬಾಯಿ ಬರೀ ಲಿಪ್‌ಸ್ಟಿಕ್‌ಗೆ ಎಂದು ಇಟ್ಟುಕೊಂಡಿದ್ದರೇನೋ. “ಲುದಿವಿನಾ, ನಾವು ಕನ್ನಡಿ. ಕನ್ನಡಿ ಯಾವತ್ತಾದ್ರೂ ‘ಮುಖ ತೊಳ್ಕೊಳ್ಳಿ’ ಅಂತ ಹೇಳುತ್ತಾ? ನೀವು ಬುದ್ಧಿ ಹೇಳಿದ್ರೆ ಅವರು ಬೇರೆ ಥರ ತಿಂತಾರೆ. ಆಮೇಲೆ ನಾವು ಅಳೆಯೋದು ಅವರನ್ನಲ್ಲ, ನಿಮ್ಮ ಮಾತನ್ನ.” ರಕ್ತ ಹೋಗುತ್ತಿದ್ದರೆ, ಜ್ವರ ಬಂದಿದ್ದರೆ ಆಸ್ಪತ್ರೆಗೆ ಕಳಿಸಬಹುದಿತ್ತು. ಬೇಕೆಂದೇ ಕಡಿಮೆ ತಿನ್ನುವುದು ಆ ಪಟ್ಟಿಯಲ್ಲಿರಲಿಲ್ಲ. ಮನೆಮನೆಯಲ್ಲೂ ನಾನು ಮೇಡಂ ಹಾಗೆ ಮೂಗು ಹಿಡಿದು ಈ ಮಾತು ಆಡಿ ತೋರಿಸುತ್ತಿದ್ದೆ. ಅಳೆಯಲು ಹೋದವರು ಅಳಬಾರದು ಎಂದು ನಾನೇ ಅದಕ್ಕೊಂದು ಬಾಲ ಕಟ್ಟಿದ್ದೆ. ಆಗ ಅದು ತಮಾಷೆಯಾಗಿತ್ತು.

ದುಲಾ ನನಗಿಂತ ಒಂದು ವರ್ಷ ದೊಡ್ಡವಳು, ಅದಕ್ಕೇ ಮನಾಂಗ್ ಎಂದು ಕರೆಯುತ್ತಿದ್ದೆ, ಅಕ್ಕ ಎಂದ ಹಾಗೆ. ಅವಳ ಗಂಡ ದೋಣಿಯವನು. ಮನೆಯಲ್ಲಿ ಮೀನಿಗೆ ಬರವಿರಲಿಲ್ಲ, ಮೆಕ್ಕೆಜೋಳದ ನುಚ್ಚಿಗೂ ಬರವಿರಲಿಲ್ಲ. ಬರವಿದ್ದದ್ದು ಧೈರ್ಯಕ್ಕೆ. ಮೊದಲ ಹೆರಿಗೆಯಲ್ಲಿ ಎರಡು ದಿನ ನೋವು ತಿಂದಿದ್ದಳು. ಮಗು ದುಂಡಗಿತ್ತಂತೆ, ತಲೆತುಂಬ ಕೂದಲಂತೆ, ಹೊರಗೆ ಬರುವ ಹೊತ್ತಿಗೆ ಉಸಿರಿರಲಿಲ್ಲವಂತೆ. ಎರಡನೇ ಸಲ ಬಸುರಾದಾಗ ಕೇರಿಯ ಸೂಲಗಿತ್ತಿ ತಿಯಾ ಬಾಲ್ಬಿನಾ ಬಂದು ಕೂತಳು. ಎಡಗೈ ಸೊಂಟದ ಮೇಲೆ, ಎರಡು ಕೆಮ್ಮು, ತಂಬಾಕಿನ ಒಂದು ಉಗುಳು, ಆಮೇಲೆ ತೀರ್ಪು.

“ದುಲಾ, ಹೋದ ಸಲ ನಿನ್ನ ಮಗು ಸತ್ತಿದ್ದು ನಿನ್ನ ಬಾಯಿಂದ. ಈ ಸಲ ಏಳು ತುಂಬಿದ ಮೇಲೆ ಬೆಳಿಗ್ಗೆ ಎರಡು ಸೌಟು ಗಂಜಿ, ಸಂಜೆ ಎರಡು ಸೌಟು. ಮೀನಿಲ್ಲ, ಗೆಣಸಿಲ್ಲ. ಮಗು ಬೆಳೀಬೇಕಾದ್ದು ಹೊರಗೆ ಬಂದ ಮೇಲೆ ಕಣೇ. ಒಳಗೇ ಬೆಳೆದು ಯಾರಿಗೆ ತೋರಿಸ್ಬೇಕು?”

ಬಾಲ್ಬಿನಾ ಇದನ್ನು ಹೇಳುವಾಗ ನಾನು ಅಲ್ಲಿರಲಿಲ್ಲ. ದುಲಾ ಹೇಳಿದ್ದಳು. ನಾನು ತಕ್ಷಣ ಎದ್ದು ನಿಂತು, ಕೈ ಸೊಂಟಕ್ಕಿಟ್ಟು, ಕೆಮ್ಮಿ, ಉಗುಳಿ, ಅದೇ ಮಾತನ್ನು ಬಾಲ್ಬಿನಾಳ ದನಿಯಲ್ಲಿ ಆಡಿ ತೋರಿಸಿದೆ. ದುಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಸಾಕು ಸಾಕು ಲುದಿ, ಇಲ್ಲೇ ಹೆತ್ತುಬಿಡ್ತೀನಿ!”

ಆಮೇಲೆ ನನ್ನ ಮುಂದೆ ಒಂದು ತಟ್ಟೆ ಉಬಿ ತಂದಿಟ್ಟಳು. ಮನೆಗೆ ಬಂದವರಿಗೆ ಏನೂ ಕೊಡದೆ ಕಳಿಸುವುದು ನಮ್ಮಲ್ಲಿಲ್ಲ. ಉಬಿ ಅಂದರೆ ನಮಗೆ ಬರೀ ಗೆಣಸಲ್ಲ. ಕೈಜಾರಿ ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಟ್ಟು ಕ್ಷಮೆ ಕೇಳುತ್ತೇವೆ, ಬೇರೆಲ್ಲ ಬೆಳೆ ಸತ್ತ ವರ್ಷಗಳಲ್ಲಿ ನಮ್ಮ ಅಜ್ಜ ಅಜ್ಜಿಯರನ್ನು ಅದೇ ಉಳಿಸಿದ್ದು. ನಾನು ಉಬಿ ತಿನ್ನುತ್ತ ಫಾರಂ ತೆಗೆದೆ.

“ಮನಾಂಗ್, ನಿನ್ನೆ ಬೆಳಗಿಂದ ಏನೇನು ತಿಂದೆ?”

“ಬೆಳಿಗ್ಗೆ ಎರಡು ಸೌಟು ಗಂಜಿ. ಸಂಜೆ ಎರಡು ಸೌಟು. ಉಪ್ಪು.”

“ಮತ್ತೆ?”

“ಮತ್ತೆ ನೀರು.” ಅವಳ ಕಣ್ಣು ನನ್ನ ತಟ್ಟೆಯ ಮೇಲಿತ್ತು.

ಬರೆದುಕೊಂಡೆ. ಎರಡು ವಾರಕ್ಕೊಮ್ಮೆ ಹೋದೆ, ಐದು ಸಲ ಬರೆದುಕೊಂಡೆ, ಐದು ಸಲವೂ ಉಬಿ ತಿಂದೆ. ಒಂದು ಸಲ ನಾಲಿಗೆಯ ತುದಿಗೆ ಬಂದಿತ್ತು, ತಿನ್ನು ಮನಾಂಗ್ ಎಂದು. ಕನ್ನಡಿ ಎಂದುಕೊಂಡು ನುಂಗಿದೆ, ಉಬಿಯ ಜೊತೆಗೇ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಜೊವೆನ್ ಹುಟ್ಟಿದ. ಹೆರಿಗೆ ಒಂದು ಗಂಟೆಯೂ ಹಿಡಿಯಲಿಲ್ಲ. ನಾನು ತಕ್ಕಡಿ ತೊಲೆಗೆ ಕಟ್ಟಿ ಚೀಲದಲ್ಲಿ ಅವನನ್ನು ಇಟ್ಟರೆ ಮುಳ್ಳು ಎರಡು ಕಿಲೋ ತನಕವೂ ಹೋಗಲಿಲ್ಲ, ಐವತ್ತು ಗ್ರಾಂ ಹಿಂದೆ ನಿಂತಿತು. ದುಲಾಳ ಮುಖ ಮಾತ್ರ ಹಬ್ಬದ ಹಾಗಿತ್ತು. “ನೋಡ್ದಾ ಲುದಿ, ಮೀನು ಜಾರಿದ ಹಾಗೆ ಬಂದ! ಅಳ್ತಿದಾನೆ ನೋಡು, ಕೇಳಿಸ್ತಾ? ಅಳ್ತಿದಾನೆ!” ಮೊದಲನೆಯದು ಅತ್ತಿರಲಿಲ್ಲ. ಬಾಲ್ಬಿನಾ ಮೂಲೆಯಲ್ಲಿ ಕೈ ತೊಳೆಯುತ್ತ, ಇಡೀ ದ್ವೀಪವನ್ನು ತಾನೇ ಹೆತ್ತವಳ ಹಾಗೆ ನಿಂತಿದ್ದಳು.

*

ನನ್ನ ಪಟ್ಟಿಯಲ್ಲಿ ನೂರಾರು ಮಕ್ಕಳಿದ್ದರು. ಬಾಗಿಲಿಗೇ ಓಡಿ ಬರುತ್ತಿದ್ದವನು ಇವನೊಬ್ಬನೇ. “ಮಿಸ್ ಕಿಲೋ, ಲೋಲಾ ಬಾಲ್ಬಿನಾ ಮಾಡಿ!” ಎನ್ನುತ್ತಿದ್ದ. ಮಾಡಿದರೆ ಮಾತ್ರ ತಕ್ಕಡಿಯ ಮೇಲೆ ನಿಲ್ಲುತ್ತಿದ್ದ. ಎತ್ತರ ಅಳೆಯುವಾಗ ಉಸಿರು ಬಿಗಿಹಿಡಿದು ಹಿಮ್ಮಡಿ ಎತ್ತುತ್ತಿದ್ದ, ನಾನು ಪಾದ ಒತ್ತಿ ಹಿಡಿದರೆ, “ಅರ್ಧ ಇಂಚು ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದು ಚೌಕಾಸಿ ಮಾಡುತ್ತಿದ್ದ. ಚಿಕ್ಕ ಆಳಾಗಿಯೇ ಉಳಿದ. ಮೂರುಗಾಲಿ ಗಾಡಿ ಓಡಿಸಿಕೊಂಡ, ಮದುವೆಯಾದ, ಮಗಳಾದಳು, ಹೆಂಡತಿ ಬೇರೆ ಊರಿಗೆ ಹೋಗಿ ಬೇರೆ ಸಂಸಾರ ಹೂಡಿದಳು. ಅವನ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಇಪ್ಪತ್ತೈದಕ್ಕೇ ಮುಂದೆ ಬಂತು. “ಗಾಡಿಗಿಂತ ಮೊದಲು ತಿರುವಿನಲ್ಲಿ ಇದೇ ಹೋಗುತ್ತೆ, ಇದಕ್ಕೊಂದು ಹಾರ್ನ್ ಹಾಕಿಸ್ಬೇಕು” ಎನ್ನುತ್ತಿದ್ದ.

ಆ ವರ್ಷವೇ ಆಫೀಸಿನಲ್ಲಿ ಒಂದು ಸಭೆಯಾಯಿತು. ಮನಿಲಾದಿಂದ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ ನಮ್ಮ ಅಷ್ಟು ವರ್ಷದ ಕಾಗದಗಳಿಂದ ಏನು ತಿಳಿಯಿತು ಎಂದು ಹೇಳುತ್ತಿದ್ದ. ನಾನು ಹಿಂದಿನ ಸಾಲಿನಲ್ಲಿ ಕೂತು, ಅವನು ಪ್ರತಿ ಮಾತಿಗೂ ಕನ್ನಡಕ ಮೇಲೆ ತಳ್ಳುವುದನ್ನು ಕಲಿಯುತ್ತಿದ್ದೆ. ಅವನೆಂದ: “ಹೊಟ್ಟೆಯಲ್ಲಿರೋ ಮಗು ಗಟ್ಟಿ ಲೆಕ್ಕದ ಆಸಾಮಿ. ಬರೋದು ಕಮ್ಮಿ ಆದ್ರೆ ಮೊದಲು ತಲೆಗೆ ಕೊಡುತ್ತೆ, ಕೊನೇಲಿ ಉಳಿದ್ರೆ ಮೂತ್ರಪಿಂಡಕ್ಕೆ. ಬಸುರಿನ ಕೊನೇ ಮೂರು ತಿಂಗಳಲ್ಲಿ ಅದರೊಳಗೆ ರಕ್ತ ಸೋಸೋ ಜರಡಿ ಎಷ್ಟು ಕಟ್ಟುತ್ತೋ ಅಷ್ಟೇ, ಹುಟ್ಟಿದ ಮೇಲೆ ಒಂದೂ ಹೆಚ್ಚಾಗಲ್ಲ. ಜೊತೆಗೆ, ಹೊರಗೂ ಬರಗಾಲ ಇದೆ ಅಂದ್ಕೊಂಡು ಸಿಕ್ಕಿದ್ದನ್ನೆಲ್ಲ ಕೂಡಿಡೋದು ಕಲಿಯುತ್ತೆ. ಹೊರಗೆ ಬಂದ್ರೆ ಬರಗಾಲ ಇಲ್ಲ, ಅನ್ನ ಇದೆ, ಸಿಹಿ ಇದೆ. ಆಗ ಸಕ್ಕರೆ ಕಾಯಿಲೆ, ರಕ್ತದೊತ್ತಡ. ಜರಡಿಗಳು ಮೊದಲೇ ಕಮ್ಮಿ, ಬೇಗ ಹರಿದುಹೋಗುತ್ವೆ.”

ಕನ್ನಡಕ ತಳ್ಳುತ್ತಿದ್ದ ನನ್ನ ಬೆರಳು ಮೂಗಿನ ಮೇಲೆಯೇ ನಿಂತಿತು.

ಆಮೇಲೆ ಅವನನ್ನು ಮೆಟ್ಟಿಲ ಹತ್ತಿರ ಹಿಡಿದು ಕೇಳಿದೆ. “ಡಾಕ್ಟ್ರೇ, ಒಬ್ಬನ ಬಗ್ಗೆ ಹೇಳಬಹುದಾ? ಇಂಥವನಿಗೆ ಇದರಿಂದಲೇ ಆಯ್ತು ಅಂತ?” ಅವನು ತಲೆಯಾಡಿಸಿದ. “ಸಾವಿರ ಜನರ ಬಗ್ಗೆ ಹೇಳಬಹುದು ಮೇಡಂ, ಒಬ್ಬನ ಬಗ್ಗೆ ಹೇಳೋಕಾಗಲ್ಲ. ಅಪಾಯ ಹೆಚ್ಚು ಅನ್ನಬಹುದು, ಅಷ್ಟೇ.” ಸಾವಿರ ಜನ ಅವನ ಬಳಿ ಇದ್ದರು. ನನ್ನ ಬಳಿ ಇದ್ದವನು ಒಬ್ಬ.

ಮೂವತ್ತೊಂದಕ್ಕೆ ಜೊವೆನ್‌ಗೆ ಸಕ್ಕರೆ ಕಾಯಿಲೆ ಬಂತು. ಮೂವತ್ತೇಳಕ್ಕೆ ಮೂತ್ರಪಿಂಡ ಹೋಯಿತು. ವಾರಕ್ಕೆ ಮೂರು ದಿನ ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗುತ್ತಿದ್ದ. ನಾನು ನಿವೃತ್ತಳಾಗಿದ್ದರೂ ಹೋಗಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಕೇಳಿದ:

“ಮಿಸ್ ಕಿಲೋ, ಹುಟ್ಟೋಕೆ ಮುಂಚಿಂದ ನನ್ನ ಕಾಗದ ಎಲ್ಲಾ ನಿಮ್ಮ ಹತ್ರ ಇದೆಯಲ್ಲ. ಹೇಳಿ ನೋಡೋಣ, ನನ್ನ ಗಾಡಿ ಎಲ್ಲಿ ಕೆಟ್ಟಿದ್ದು? ಅಮ್ಮ ಬಣ್ಣದ ಸಿಹಿ ಸೋಡಾ ಅಂತಾಳೆ. ಹೌದು, ಕುಡಿದೆ. ಬಿಸಿಲಲ್ಲಿ ಗಾಡಿ ಹೊಡಿಯೋರೆಲ್ಲ ಕುಡೀತಾರೆ. ನನ್ನ ಜೊತೆ ಗಾಡಿ ಹೊಡಿಯೋ ಬೆರ್ತಿಂಗ್ ನನ್ನ ಎರಡರಷ್ಟು ಕುಡೀತಾನೆ, ಅವನು ಎಮ್ಮೆ ಹಾಗಿದಾನೆ. ನಾನು ಯಾಕೆ ಹೀಗಾದೆ?”

ನಾನು ಎದ್ದು, ಕೈ ಸೊಂಟಕ್ಕಿಟ್ಟು, ಎರಡು ಕೆಮ್ಮು ಕೆಮ್ಮಿದೆ. “ಯಾಕಂದ್ರೆ ನೀನು ಕತ್ತೆ ಕಣೋ!” ಎಂದೆ, ಬಾಲ್ಬಿನಾ ದನಿಯಲ್ಲಿ. ಅವನು ಕೊಳವೆಗಳು ಅಲುಗಾಡುವ ಹಾಗೆ ನಕ್ಕ. ಪಕ್ಕದ ಹಾಸಿಗೆಯವರೂ ನಕ್ಕರು. ಕೇಳಿದ ಪ್ರಶ್ನೆ ಹಾಗೇ ಉಳಿಯಿತು. ನಲವತ್ತು ತುಂಬಿ ಎರಡು ತಿಂಗಳಿಗೆ ಅವನು ಹೋದ.

*

ದುಲಾ ಅಳಲಿಲ್ಲ. ಬೈದಳು. ಶವಪೆಟ್ಟಿಗೆಯ ಪಕ್ಕ ನಿಂತು ಬೈದಳು, ಗುಂಡಿಯ ಅಂಚಿನಲ್ಲಿ ಬೈದಳು, ದಿನಾ ಪ್ರಾರ್ಥನೆಯಾದ ಮೇಲೆ ಫೋಟೋ ಎದುರಿಗೆ ಬೈದಳು. “ಹೇಳಿದ್ದೆ ನಿನಗೆ, ಬಿಡೋ ಆ ಬಣ್ಣದ ನೀರನ್ನ ಅಂತ! ಕೇಳಿದ್ಯಾ? ಕುಡ್ಕೊಂಡ್ ಕುಡ್ಕೊಂಡ್ ಸತ್ತೆ, ನನ್ನ ಮುದಿ ತಲೆ ಮೇಲೆ ಮಣ್ಣು ಹಾಕ್ದೆ!” ಸತ್ತವರಿಗೆ ಇಷ್ಟವಾದದ್ದನ್ನು ಫೋಟೋ ಮುಂದೆ ಇಡುವುದು ನಮ್ಮ ಪದ್ಧತಿ. ಮೊದಲನೇ ದಿನ ಜೊವೆನ್‌ನ ಜೊತೆಗಾರ ಬೆರ್ತಿಂಗ್ ಒಂದು ಲೋಟ ಕಿತ್ತಳೆ ಸೋಡಾ ಇಟ್ಟಿದ್ದ. ದುಲಾ ಅದನ್ನು ಎತ್ತಿ ಅಂಗಳಕ್ಕೆ ಚೆಲ್ಲಿದಳು. “ಇದನ್ನ ಇಟ್ಟೋರ ಕೈ ಮುರೀತೀನಿ” ಎಂದಳು. ಆಮೇಲೆ ಫೋಟೋ ಮುಂದೆ ನೀರು ಮಾತ್ರ.

ಆ ಸಿಟ್ಟು ಅವಳನ್ನು ನೇರ ನಿಲ್ಲಿಸಿತ್ತು. ಅದನ್ನು ತೆಗೆದರೆ ಅವಳು ಯಾವುದರ ಮೇಲೆ ಒರಗಬೇಕು ಎಂದು ನನಗೆ ತಿಳಿದಿರಲಿಲ್ಲ.

ಒಂಬತ್ತನೇ ದಿನದ ಊಟದಲ್ಲಿ ನಗಬೇಕು. ಸುಮ್ಮನೆ ಕೂತರೆ ಸತ್ತವನಿಗೆ ಬೇಜಾರಾಗುತ್ತದೆ. ಇಸ್ಪೀಟು ಆಡುತ್ತಿದ್ದ ಬೆರ್ತಿಂಗ್ ಕೂಗಿದ: “ಮಿಸ್ ಕಿಲೋ! ಜೊವೆನ್‌ಗೋಸ್ಕರ ಒಂದ್ಸಲ ಬಾಲ್ಬಿನಾ ಬರಲಿ!”

“ಬಾಲ್ಬಿನಾ! ಬಾಲ್ಬಿನಾ!” ಎಂದು ಅಂಗಳವೇ ಚಪ್ಪಾಳೆ ತಟ್ಟಿತು.

ನನಗೆ ಆ ಕ್ಷಣ ದಾರಿ ಸಿಕ್ಕಿತು ಎನಿಸಿತು. ಸತ್ತು ಇಪ್ಪತ್ತೈದು ವರ್ಷವಾದ ಬಾಲ್ಬಿನಾಳ ಬಾಯಲ್ಲಿ ಹೇಳಿಸಿದರೆ ತಪ್ಪು ಅವಳ ಸಮಾಧಿಗೆ ಹೋಗುತ್ತದೆ. ತಟ್ಟೆ ಹುಡುಗಿಗೆ ಬರುತ್ತದೆ. ದುಲಾಳಿಗೆ ಏನೂ ತಟ್ಟುವುದಿಲ್ಲ. ಎದ್ದೆ. ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು. ಎರಡು ಕೆಮ್ಮು. ಒಂದು ಉಗುಳು.

“ಯಾರೇ ಅದು ಮೂಲೇಲಿ ಹೊಟ್ಟೆ ಇಟ್ಕೊಂಡು ಕೂತಿರೋಳು? ಜೊವೆನ್ ಮಗಳಾ? ನಿಮ್ಮಪ್ಪನ್ನ ಇದೇ ಕೈಯಲ್ಲಿ ಹಿಡಿದೆ ಕಣೇ. ಬಂದೋನೇ ನನ್ನ ಲಂಗದ ಮೇಲೆ ಉಚ್ಚೆ ಹೊಯ್ದ. ಇವತ್ತಿಗೂ ಒಣಗಿಲ್ಲ!”

ಅಂಗಳ ನಕ್ಕಿತು. ಕ್ರಿಜೆಲ್ ಕೂಡ ಬಟ್ಟಲು ಹಿಡಿದುಕೊಂಡು ನಕ್ಕಳು.

“ಏನದು ಕೈಯಲ್ಲಿ? ಗಂಜಿಯಾ? ಯಾವಳೇ ಕೊಟ್ಟಿದ್ದು? ಇಡು ಕೆಳಗೆ! ತಟ್ಟೆ ತಗೋ, ಹಂದಿ ಹಾಕ್ಸ್ಕೋ, ಉಬಿ ಹಾಕ್ಸ್ಕೋ. ನಾನ್ ಹೇಳ್ತಿದೀನಿ, ಬಾಲ್ಬಿನಾ! ಎರಡು ಸೌಟು ಅಂತ ಆ ಕಾಲದಲ್ಲಿ ಹೇಳ್ದೆ. ತಿಳೀದೆ ಹೇಳ್ದೆ ಕಣ್ರೇ. ಅದು ನನ್ನ ತಪ್ಪು. ನನ್ನ ಮಾತು ಕೇಳಿದೋರ ತಪ್ಪಲ್ಲ.”

ನಗು ಅಲ್ಲೊಂದು ಇಲ್ಲೊಂದು ಉಳಿದು ನಿಂತಿತು. ಯಾರಿಗೂ ಇದು ತಮಾಷೆಯೋ ಅಲ್ಲವೋ ಗೊತ್ತಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ದುಲಾ ನಿಂತಿದ್ದಳು, ಸೌಟು ಕೈಯಲ್ಲಿ.

“ಬಾಲ್ಬಿನಾ ಹಾಗೆ ಹೇಳೋಳಲ್ಲ” ಎಂದಳು. “ಲುದಿ, ಒಳಗೆ ಬಾ.”

*

ಹಿತ್ತಲಿನ ಅಡುಗೆ ಚಪ್ಪರದಲ್ಲಿ ಒಲೆ ಇನ್ನೂ ಉರಿಯುತ್ತಿತ್ತು. ದುಲಾ ಕೂರಲಿಲ್ಲ, ನನಗೂ ಕೂರು ಎನ್ನಲಿಲ್ಲ.

“ಕೆಮ್ಮು ಸರಿ ಇತ್ತು, ಸೊಂಟ ಸರಿ ಇತ್ತು, ಉಗುಳಿದ್ದೂ ಸರಿ. ಆದ್ರೆ ಬಾಲ್ಬಿನಾ ಹುಟ್ಟಿದಾಗಿಂದ ಸಾಯೋವರೆಗೂ ತಪ್ಪಾಯ್ತು ಅಂದೋಳಲ್ಲ. ಕೊನೇಲಿ ಪಾದ್ರಿ ಬಂದು ‘ಪಾಪ ಏನಾದ್ರೂ ಇದ್ರೆ ಹೇಳಮ್ಮ’ ಅಂದಾಗ, ‘ನಿಮ್ಮದೇನಾದ್ರೂ ಇದ್ರೆ ಹೇಳಿ’ ಅಂದೋಳು ಅವಳು. ಆ ತಪ್ಪು ಅವಳ ಬಾಯಿಂದ ಬಂದಿದ್ದಲ್ಲ. ನಿನ್ನದು. ಏನು ತಪ್ಪು ಅದು?”

“ಮನಾಂಗ್, ಹುಡುಗಿ ಊಟ ಮಾಡ್ಲಿ. ಅಷ್ಟೇ.”

“ಏನು ತಪ್ಪು ಅಂತ ಕೇಳ್ದೆ.”

ಬೇರೆ ಯಾರ ದನಿಯಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಮೇಡಂ ವಿಲಾಮೊರ್ ಬರಲಿಲ್ಲ, ಕನ್ನಡಕದ ಡಾಕ್ಟರೂ ಬರಲಿಲ್ಲ. ನನ್ನದೇ ದನಿಯಲ್ಲಿ ಹೇಳಬೇಕಾಯಿತು. ಹೊಟ್ಟೆಯೊಳಗಿನ ಜರಡಿಗಳ ವಿಷಯ ಹೇಳಿದೆ. ಕೊನೆಯ ಮೂರು ತಿಂಗಳ ವಿಷಯ ಹೇಳಿದೆ. ಅದೊಂದೇ ಕಾರಣ ಅಂತ ಯಾರೂ ಹೇಳೋಕಾಗಲ್ಲ, ಡಾಕ್ಟ್ರೂ ಹೇಳಲಿಲ್ಲ ಎಂದು ಎರಡೆರಡು ಸಲ ಹೇಳಿದೆ. ಅವಳು ಸೌಟಿನಿಂದ ಒಲೆಯ ಬೂದಿ ಕೆದಕುತ್ತ ಕೇಳಿದಳು. ಅನ್ನದ ಸೌಟನ್ನು ಬೂದಿಗೆ ಹಾಕಿದ್ದು ಅವಳ ಗಮನಕ್ಕೆ ಬಂದಿರಲಿಲ್ಲ.

“ನಿನ್ನ ಕಾಗದದಲ್ಲಿ ಏನು ಬರೆದಿದ್ದೆ?”

“ಎರಡು ಸೌಟು ಗಂಜಿ. ಉಪ್ಪು. ನೀರು.”

“ಐದು ಸಲ.”

“ಹೂಂ. ಐದು ಸಲ.”

“ಉಬಿ ನೀನು ತಿಂದೆ.”

“ಹೂಂ.”

“ಅದನ್ನ ಬರೆದ್ಯಾ?”

“ಇಲ್ಲ ಮನಾಂಗ್. ಆ ಕಾಗದದಲ್ಲಿ ಅದಕ್ಕೆ ಜಾಗ ಇರಲಿಲ್ಲ.”

ಅಂಗಳದಲ್ಲಿ ಬೆರ್ತಿಂಗ್ ಯಾರಿಗೋ ಇಸ್ಪೀಟಿನಲ್ಲಿ ಮೋಸ ಮಾಡಿ ಬೈಸಿಕೊಳ್ಳುತ್ತಿದ್ದ.

“ತಿಂದಿದ್ರೆ?” ಎಂದಳು ಕೊನೆಗೆ. “ನಾನು ಹೊಟ್ಟೆ ತುಂಬ ತಿಂದು, ಇವನೂ ಆ ಮೊದಲನೇದರ ಹಾಗೇ ದುಂಡಗಾಗಿ, ಸಿಕ್ಕಿಹಾಕ್ಕೊಂಡಿದ್ರೆ? ಆಗ ನಲವತ್ತು ವರ್ಷವೂ ಸಿಕ್ತಿರಲಿಲ್ಲ ಅಲ್ವಾ? ಹೇಳು. ನಿಮ್ಮ ಕಾಗದಕ್ಕೆ ಅದು ಗೊತ್ತಾ?”

“ಗೊತ್ತಿಲ್ಲ.”

“ನಿನಗೆ?”

“ನನಗೂ ಗೊತ್ತಿಲ್ಲ.”

“ಸರಿ” ಎಂದಳು. ಯಾವುದು ಸರಿ ಎಂದು ನಾನು ಕೇಳಲಿಲ್ಲ. “ಒಂಬತ್ತು ದಿನ ಬೈದೆ ಕಣೇ ಅವನನ್ನ. ಒಂಬತ್ತು ದಿನ. ಉತ್ತರ ಕೊಡೋಕಾಗದೇ ಇರೋನನ್ನ ನಿಲ್ಲಿಸ್ಕೊಂಡು ಬೈದೆ.”

ಸೌಟನ್ನು ತೊಳೆದಳು. ಎರಡು ಸಲ ತೊಳೆದಳು. ಮನೆಯ ದೊಡ್ಡ ತಟ್ಟೆಯನ್ನು ಕೆಳಗಿಳಿಸಿ, ಅನ್ನ ಹಾಕಿದಳು, ಹಂದಿಯ ಮೆತ್ತನೆಯ ಭಾಗ ಆರಿಸಿ ಹಾಕಿದಳು, ನುಗ್ಗೆ ಸೊಪ್ಪಿನ ಸಾರು ಬೇರೆ ಬಟ್ಟಲಲ್ಲಿ ಹಾಕಿದಳು. ಉಬಿ ಹಾಕುವಾಗ ಒಂದು ಹೋಳು ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿ ಎಲ್ಲರೂ ಮಾಡುವ ಹಾಗೆ ತುಟಿಗೆ ಒತ್ತಿಕೊಂಡಳು. ಎಲ್ಲರೂ ತಕ್ಷಣ ತೆಗೆಯುತ್ತಾರೆ. ಅವಳು ತೆಗೆಯಲಿಲ್ಲ. ಹೆಗಲು ಅಲುಗುತ್ತಿತ್ತು. ನಾನು ಮುಟ್ಟಲು ಹೋದೆ. ಮೊಣಕೈಯಿಂದ ನನ್ನನ್ನು ದೂರ ಮಾಡಿದಳು.

ಆಮೇಲೆ ತಟ್ಟೆ ತೆಗೆದುಕೊಂಡು ಅಂಗಳಕ್ಕೆ ಹೋದಳು. ಕ್ರಿಜೆಲ್‌ಳ ಕೈಯಿಂದ ಬಟ್ಟಲು ಕಸಿದು ತಟ್ಟೆ ಕೊಟ್ಟಳು.

“ತಿನ್ನು ದಾಯ್, ತಿನ್ನು ಮಗಳೇ.”

“ಲೋಲಾ! ಮತ್ತೆ ಹೆರಿಗೆ? ಸಿಕ್ಕಿಹಾಕ್ಕೊಂಡ್ರೆ?”

“ಪಟ್ಟಣದ ಆಸ್ಪತ್ರೆಗೆ ಹೋಗೋಣ. ಸಿಕ್ಕಿಹಾಕ್ಕೊಂಡ್ರೆ ಕೊಯ್ದು ತೆಗೀಲಿ, ಅವರು ಕತ್ತಿ ಇಟ್ಕೊಂಡಿರೋದು ಯಾತಕ್ಕೆ? ನಿನ್ನ ಗಂಡನಿಗೆ ಫೋನ್ ಮಾಡು, ಹಡಗಿಂದ ರಜಾ ಕೇಳ್ಲಿ. ಮೊದಲು ತಿನ್ನು.”

“ಅಷ್ಟೂನಾ?”

“ಅಷ್ಟೂ.”

ಹುಡುಗಿ ನನ್ನ ಕಡೆ ನೋಡಿದಳು, ಇದೇನು ಬಾಲ್ಬಿನಾ ಮಹಿಮೆ ಎಂಬಂತೆ. ನಾನು ಮುಖ ತಿರುಗಿಸಿದೆ. ಅವಳು ಮೊದಲ ತುತ್ತು ಬಾಯಿಗಿಟ್ಟಳು, ಎರಡನೆಯದನ್ನು ಜಗಿಯುವ ಮುಂಚೆಯೇ ಮೂರನೆಯದನ್ನು ಕಲಸಿದಳು. ಎಷ್ಟು ಹಸಿದಿದ್ದಳೋ. ದುಲಾ ಅವಳು ಬಿಟ್ಟ ಗಂಜಿಯನ್ನು ನಿಂತುಕೊಂಡೇ ಕುಡಿದು ಬಟ್ಟಲು ಬೋರಲು ಹಾಕಿದಳು.

ಹಾದುಹೋಗುವಾಗ ನನ್ನ ಮುಂದೆ ಒಂದು ಸಣ್ಣ ತಟ್ಟೆ ಇಟ್ಟಳು. ಉಬಿ. “ನೀನೂ ತಿನ್ನು” ಎಂದಳು. ಅದು ಕ್ಷಮೆಯೋ ಶಿಕ್ಷೆಯೋ, ಅವಳ ದನಿಯಿಂದ ತಿಳಿಯುವಂತಿರಲಿಲ್ಲ. ದನಿಗಳೆಲ್ಲ ನನಗೆ ಗೊತ್ತು ಎಂದುಕೊಂಡಿದ್ದೆ. ತಿಂದೆ. ಒಂದು ಹೋಳೂ ಬಿಡಲಿಲ್ಲ.

ಬೆರ್ತಿಂಗ್‌ನ ಕಾಲ ಬುಡದಲ್ಲಿ ಸೋಡಾ ಬಾಟಲಿಗಳ ಕ್ರೇಟ್ ಇತ್ತು. ದುಲಾ ಅಲ್ಲಿಗೆ ಹೋದಾಗ ಅವನು ಹೆದರಿ ಕಾಲಿನಿಂದ ಅದನ್ನು ಮೇಜಿನ ಅಡಿಗೆ ತಳ್ಳಿದ. ಅವಳು ಬಗ್ಗಿ ಒಂದು ಕಿತ್ತಳೆ ಬಾಟಲಿ ಎಳೆದುಕೊಂಡಳು. ಯಾರನ್ನೂ ಕೇಳದೆ ಮೇಜಿನ ಅಂಚಿಗೆ ಒತ್ತಿ ಮುಚ್ಚಳ ತೆಗೆದಳು. ಇಸ್ಪೀಟು ನಿಂತಿತು. ಫೋಟೋ ಮುಂದಿದ್ದ ಲೋಟದ ನೀರನ್ನು ಹೂವಿನ ಕುಂಡಕ್ಕೆ ಸುರಿದಳು. ಸೋಡಾ ಬಗ್ಗಿಸಿದಳು. ನೊರೆ ಲೋಟದ ಬಾಯಿಗೆ ಬಂದು ನಿಂತಿತು.

“ಕುಡಿ” ಎಂದಳು.

ನೊರೆ ಇಳಿದಾಗ ಲೋಟ ಅರ್ಧವೇ ಆಗಿತ್ತು. ಅವಳು ಮತ್ತೆ ಬಗ್ಗಿಸಿದಳು, ಇಳಿಯುವುದನ್ನು ಕಾದಳು, ಮತ್ತೆ ಬಗ್ಗಿಸಿದಳು, ಅಂಚಿನ ತನಕ ತುಂಬುವವರೆಗೆ.